ಕೊಕ್ಕರೆ ಬಿಲ್ಲೆಯ ಬೆನ್ನು

ನಮ್ಮ ಮನೆಯವರಿಗೆ ಹೆದರಿಕೆ ಹುಟ್ಟಿನಿಂದಲೇ ಬಂದದ್ದು. ಹಲ್ಲಿಗೆ ಹೆದರುತ್ತಾರೆ, ಇಂಜೆಕ್ಷನ್ನಿಗೆ ಹೆದರುತ್ತಾರೆ, ಸರ್ಕಾರಿ ಮುದ್ರೆಯ ಲಕೋಟೆ ಬಂದರೆ ಅದನ್ನು ನನ್ನ ಕೈಗೆ ತುರುಕಿ ತಾವು ಬಚ್ಚಲಿಗೆ ಹೋಗಿ ಸುಮ್ಮಸುಮ್ಮನೆ ಮುಖ ತೊಳೆಯುತ್ತಾರೆ. ಪಕ್ಕದ ಮನೆಯ ನಾಯಿಗೆ ಹಲ್ಲೆಲ್ಲ ಉದುರಿವೆ. ಅದು ಆಕಳಿಸಿದರೂ ಇವರು ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ಇಂಥ ಪುಕ್ಕಲ ಮನುಷ್ಯ ಮೂವತ್ತು ವರ್ಷ ಕೂಡಿಟ್ಟದ್ದು ಏನನ್ನು ಅಂದರೆ, ಯುದ್ಧಕ್ಕೆ ಹೋದವರ ಟೋಪಿಯ ಬಿಲ್ಲೆಗಳನ್ನು. ಹುಲಿ, ಕತ್ತಿ, ಕೋಟೆ, ಸಿಡಿಲು ಎಲ್ಲವೂ ನಮ್ಮ ಮನೆಯ ಕಪಾಟಿನಲ್ಲಿವೆ. ಮದುವೆಯಾದ ಹೊಸದರಲ್ಲಿ ನಾನು ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದೆ. ಮೂರು ವರ್ಷದಿಂದ ನಗುವುದನ್ನು ಬಿಟ್ಟಿದ್ದೇನೆ.

ಅವರ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಡಾಕ್ಟರು ಬರೆದ ಚೀಟಿಯ ಪ್ರಕಾರ ಗಾಜನ್ನು ಉಜ್ಜಿ, ಅಂಚು ಸವರಿ, ಫ್ರೇಮಿಗೆ ಕೂರಿಸಿ ಕೊಡುವುದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಾಕಿಕೊಂಡವರಿಗೆ ತಲೆನೋವು. ಅದೇ ಬುದ್ಧಿ ಮನೆಗೂ ಬರುತ್ತದೆ. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅನ್ನುವುದಿಲ್ಲ, ಎಷ್ಟು ಚಿಟಿಕೆ ಜಾಸ್ತಿಯಾಗಿದೆ ಅನ್ನುತ್ತಾರೆ. ಬೀದಿಯವರೆಲ್ಲ ಅವರನ್ನು ಬಿಲ್ಲೆಯವರು ಎನ್ನುತ್ತಾರೆ, ನನ್ನನ್ನು ಬಿಲ್ಲೆಯಮ್ಮ. ಕೋಪ ಬಂದಾಗ ನಾನೂ ಅವರನ್ನು ಹಾಗೆಯೇ ಕರೆಯುತ್ತೇನೆ.

ಈ ಹುಚ್ಚು ಹತ್ತಿದ್ದು ಯುದ್ಧ ಮುಗಿದ ವರ್ಷ. ಆಗ ಅವರಿಗೆ ಇಪ್ಪತ್ತು. ಎರಕದ ಕಾರ್ಖಾನೆಯಲ್ಲಿ ಕೆಲಸ. ವಿಸರ್ಜನೆಯಾದ ರೆಜಿಮೆಂಟುಗಳ ಬಿಲ್ಲೆಗಳು ಗೋಣಿಚೀಲಗಳಲ್ಲಿ ಬಂದು ಬೀಳುತ್ತಿದ್ದವು. ಹಿತ್ತಾಳೆ ಒಂದು ಕಡೆ, ಬಿಳಿ ಲೋಹ ಒಂದು ಕಡೆ ಆರಿಸಿ ಹಾಕುವುದು ಇವರ ಪಾಲಿಗೆ ಬಂದಿತ್ತು. ಆಮೇಲೆ ಎಲ್ಲ ಕುಲುಮೆಗೆ. ಒಂದೊಂದನ್ನೂ ಯಾರೋ ಒಬ್ಬ ಹಣೆಯ ಮೇಲೆ ಹೊತ್ತು ಓಡಾಡಿದ್ದಾನೆ, ಅವನು ಬದುಕಿದನೋ ಇಲ್ಲವೋ ಯಾರಿಗೂ ತಿಳಿಯದು, ಅದನ್ನು ಕರಗಿಸಿ ನಲ್ಲಿ ಮಾಡುತ್ತಾರಲ್ಲ ಎಂದು ಇವರಿಗೆ ಸಂಕಟ. ದಿನಕ್ಕೊಂದನ್ನು ಕಾಲುಚೀಲದೊಳಗೆ ಇಳಿಸಿಕೊಂಡು ಬರುತ್ತಿದ್ದರಂತೆ. ಗೇಟಿನ ಕಾವಲುಗಾರ ಕೆಮ್ಮಿದರೂ ಜೀವ ಬಾಯಿಗೆ ಬರುತ್ತಿತ್ತು. ಆದರೂ ತಂದರು. ಪುಕ್ಕಲರಿಗೂ ಒಂದು ವಿಷಯದಲ್ಲಿ ಹಟ ಇರುತ್ತದೆ ಎಂದು ನನಗೆ ಗೊತ್ತಾದದ್ದು ಇದರಿಂದಲೇ.

ಅವರದು ಬರೀ ಕೂಡಿಡುವ ಚಟವಲ್ಲ. ಪ್ರತಿ ಬಿಲ್ಲೆಗೂ ಒಂದು ಚೀಟಿ. ಯಾವ ರೆಜಿಮೆಂಟು, ಯಾವಾಗ ಕಟ್ಟಿದ್ದು, ಎಲ್ಲಿ ಕಾದಾಡಿತು, ಎಷ್ಟು ಜನ ಉಳಿದರು, ಬಿಲ್ಲೆ ಯಾರ ಕೈಯಿಂದ ಬಂತು. ಖಾತ್ರಿಯಿಲ್ಲದ ಒಂದು ಅಕ್ಷರವನ್ನೂ ಬರೆಯುವುದಿಲ್ಲ. ಇನ್ನೊಂದು ನಿಯಮವಿತ್ತು. ಕೆಲವು ಬಿಲ್ಲೆಗಳನ್ನು ಸಿಪಾಯಿಗಳು ದಪ್ಪ ಬಟ್ಟೆಯ ತುಂಡಿನ ಮೇಲಿಟ್ಟು, ಅದರ ಅಂಚನ್ನು ಹಿಂದಕ್ಕೆ ಮಡಚಿ ಹೊಲಿದುಕೊಳ್ಳುತ್ತಿದ್ದರು. ಬೇರೆ ಸಂಗ್ರಹಕಾರರು ಬ್ಲೇಡು ತೆಗೆದುಕೊಂಡು ಹೊಲಿಗೆ ಬಿಚ್ಚಿ ಬೆನ್ನು ನೋಡುತ್ತಾರೆ, ಏಕೆಂದರೆ ಬಿಲ್ಲೆಯ ನಿಜ ಇರುವುದು ಬೆನ್ನಿನಲ್ಲಿ. ಇವರು ಮಾತ್ರ ಬಿಚ್ಚುವುದಿಲ್ಲ. ಸತ್ತವನು ಹಾಕಿದ ಹೊಲಿಗೆ, ಅದನ್ನು ಕೀಳಲು ನಾವು ಯಾರು ಎಂಬುದು ಅವರ ವಾದ. ಸಂಗ್ರಹಕಾರರ ಸಂಘದವರು ಈ ಸಂಯಮವನ್ನು ಕೊಂಡಾಡಿ ಒಮ್ಮೆ ಹಾರ ಹಾಕಿದ್ದರು. ಆ ಹಾರ ಬಾಡುವ ತನಕ ಇವರು ಅದನ್ನು ಮೊಳೆಗೆ ನೇತುಹಾಕಿದ್ದರು.

ನಮ್ಮ ಮನೆಯಿಂದ ಎರಡು ಬೀದಿ ದಾಟಿದರೆ ಒಂದು ಗುಂಡಿ ಅಂಗಡಿ ಇದೆ. ಗುಂಡಿ, ದಾರ, ಲೇಸು, ಜಿಪ್ಪು, ಎಲಾಸ್ಟಿಕ್ಕು. ಅದನ್ನು ನಡೆಸುವವರನ್ನು ನಾವೆಲ್ಲ ಗುಂಡಿ ಅಕ್ಕ ಅನ್ನುತ್ತೇವೆ. ಐವತ್ತು ದಾಟಿದವರು, ಒಬ್ಬರೇ ಇರುವವರು, ಅಂಗಡಿಯ ಹಿಂದೆಯೇ ಮನೆ. ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಲೇಸು ಅಳೆಯುವಾಗ ಅವು ಕಡ್ಡಿಯ ಹಾಗೆ ನೆಟ್ಟಗೆ ನಿಂತಿರುತ್ತವೆ. ಹುಟ್ಟಿನಿಂದಲೇ ಹಾಗೆ ಎಂದು ನಾನು ತಿಳಿದಿದ್ದೆ. ಅವರ ಅಂಗಡಿಗೆ ಬೋರ್ಡು ಇರಲಿಲ್ಲ. ಮನೆಯ ಬಾಗಿಲಿಗೆ ಎರಡು ಚಿಲಕ, ಅದರ ಮೇಲೊಂದು ಕಬ್ಬಿಣದ ಅಡ್ಡಪಟ್ಟಿ. ನಾನು ತಮಾಷೆಗೆ, ಏನಕ್ಕಾ, ಒಳಗೆ ಖಜಾನೆ ಇಟ್ಟಿದ್ದೀರಾ ಎಂದು ಕೇಳುತ್ತಿದ್ದೆ. ಅವರು ನಕ್ಕು ಮಾತು ಮರೆಸುತ್ತಿದ್ದರು.

ಮೂರು ವರ್ಷದ ಹಿಂದೆ, ಬೇಸಿಗೆಯ ಒಂದು ಬೆಳಿಗ್ಗೆ, ಆ ಅಕ್ಕ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ನಮ್ಮ ಮನೆಗೆ ಬಂದರು. ತುಕ್ಕು ಹಿಡಿದ ಒಂದು ತಗಡಿನ ಪೆಟ್ಟಿಗೆ. ದೂರದ ಪಟ್ಟಣದಲ್ಲಿ ಹಳೆಯ ವಸತಿಗೃಹವೊಂದನ್ನು ಕೆಡವುವಾಗ ಗೋಡೆಯ ಗೂಡಿನಲ್ಲಿ ಸಿಕ್ಕಿತಂತೆ. ಮುಚ್ಚಳದ ಒಳಗೆ ಅವರ ತವರಿನ ವಿಳಾಸ ಇದ್ದದ್ದರಿಂದ ಅದು ಅವರ ತಂಗಿಯ ಕೈಸೇರಿ, ಅಲ್ಲಿಂದ ಇಲ್ಲಿಗೆ ಬಂದಿತ್ತು. ಒಳಗೆ ಒಂದು ಬಾಚಣಿಗೆ, ಅಕ್ಕನ ಎಳೆ ವಯಸ್ಸಿನ ಫೋಟೋ, ನೀಲಿ ಬಟ್ಟೆಗೆ ಹೊಲಿದ ಒಂದು ಟೋಪಿ ಬಿಲ್ಲೆ. ಮೂರು ಅಲೆಗಳ ಮೇಲೆ ಒಂಟಿ ಕಾಲಲ್ಲಿ ನಿಂತ ಕೊಕ್ಕರೆ.

ಪೆಟ್ಟಿಗೆ ಅವರ ಗಂಡನದು. ಯುದ್ಧದ ಎರಡನೆಯ ವರ್ಷ ಕಾಣೆಯಾಗಿದ್ದಾನೆ ಎಂದು ಸೈನ್ಯದ ಕಾಗದ ಬಂದಿತ್ತು. ನಾನು ಸಮಾಧಾನದ ಮಾತಿಗೆ ಬಾಯಿ ತೆರೆದೆ. ಅಕ್ಕ ಕೈಯೆತ್ತಿ ತಡೆದರು. ಆ ಎರಡು ಬೆರಳು ತೋರಿಸಿದರು. ಕರೆದಾಗ ತಕ್ಷಣ ಓಗೊಡಲಿಲ್ಲವೆಂದು ಗಂಡ ಅವನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಹಾಕಿದ್ದನಂತೆ. ಅವನು ಕಾಣೆಯಾದನೆಂಬ ಕಾಗದ ಬಂದ ದಿನವೇ ಅವರು ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟರು. ಆಮೇಲೆ ಮೂರು ಊರು ಬದಲಾಯಿಸಿದರು. ಕಾಣೆಯಾದವನು ಸತ್ತವನಲ್ಲವಲ್ಲ, ಯಾವತ್ತು ಬೇಕಾದರೂ ಬಂದು ನಿಲ್ಲಬಹುದು. ಮೂವತ್ತೆರಡು ವರ್ಷ ಹೊರಗೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಉಸಿರು ಹಿಡಿದು ಕುಳಿತಿದ್ದಾರೆ. ಅವರಿಗೆ ಬೇಕಾಗಿದ್ದದ್ದು ಒಂದೇ ಉತ್ತರ. ಈ ಪೆಟ್ಟಿಗೆಯನ್ನು ಅವನು ಅಲ್ಲಿ ಇಟ್ಟದ್ದು ನದಿಯ ಕಾಳಗಕ್ಕೆ ಹೋಗುವ ಮುಂಚೆಯೋ, ಆಮೇಲೋ? ಕೊಕ್ಕರೆ ಪಡೆ ಆ ನದಿ ದಾಟುವಾಗ ಪೂರ್ತಿ ನೆಲಕಚ್ಚಿತೆಂದು ಅವರೂ ಕೇಳಿದ್ದರು. ಮುಂಚೆ ಇಟ್ಟಿದ್ದರೆ ಅವನು ಸತ್ತ. ಆಮೇಲೆ ಇಟ್ಟಿದ್ದರೆ ಬದುಕಿದ್ದಾನೆ.

ಇವರು ಎರಡು ದಿನ ಭೂತಗಾಜು ಹಿಡಿದು ಕೂತರು. ಆ ನೀಲಿ ಬಟ್ಟೆ ನದಿಯ ಕಾಳಗದ ನಂತರ ಯಾರಿಗೂ ಕೊಟ್ಟದ್ದಲ್ಲ, ಅದು ಖಚಿತ. ಹೊಲಿಗೆಯೂ ಆ ಕಾಲದ್ದೇ. ಬಿಚ್ಚಿ ನೋಡಬಹುದಲ್ಲ ಎಂದು ನಾನೇ ಒಂದು ಮಾತು ಅಂದೆ. ನನ್ನನ್ನು ಕಟುಕಳಂತೆ ನೋಡಿದರು. ಮೂರನೆಯ ದಿನ ಅಕ್ಕನನ್ನು ಕರೆಸಿ ಚೀಟಿ ಓದಿದರು.

"ನದಿಗೆ ಹೋಗೋ ಮುಂಚಿನ ಬಿಲ್ಲೆ ಇದು. ಇದನ್ನ ಹಾಕ್ಕೊಂಡು ಹೋದವರು ಯಾರೂ ವಾಪಸ್ ಬಂದಿಲ್ಲ."

"ಒಬ್ಬರೂ?" ಅಂದರು ಅಕ್ಕ.

"ಒಬ್ಬರೂ ಇಲ್ಲ."

ಅಕ್ಕ ನಮ್ಮ ಮನೆಯ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋದರು. ಗೊರಕೆ ಹೊಡೆದರು. ಸಂಜೆ ನಾಲ್ಕಕ್ಕೆ ಎದ್ದು, ನಾಚಿಕೊಂಡು, ಫೋಟೋವನ್ನು ನಮ್ಮ ಒಲೆಗೆ ಹಾಕಿ, ಈ ಬಿಲ್ಲೆ ನಿಮ್ಮಲ್ಲೇ ಇರಲಿ ಎಂದು ಬಿಟ್ಟುಹೋದರು.

ಅಲ್ಲಿಂದ ಆ ಹೆಂಗಸು ಬೇರೆಯೇ ಆದರು. ಕಬ್ಬಿಣದ ಪಟ್ಟಿ ಕಿತ್ತು ಗುಜರಿಯವನಿಗೆ ಕೊಟ್ಟರು. ಬೀದಿಯ ಕಡೆಯ ಕಿಟಕಿ ತೆರೆದರು. ತಮ್ಮ ಹೆಸರನ್ನು ಕೆಂಪು ಅಕ್ಷರದಲ್ಲಿ ಬರೆಸಿ ಅಂಗಡಿಗೆ ಬೋರ್ಡು ಹಾಕಿಸಿದರು. ವರ್ತಕರ ಸಂಘದವರ ಜೊತೆ ನಿಂತು ಪೇಪರಿಗೆ ಫೋಟೋ ಕೂಡ ತೆಗೆಸಿಕೊಂಡರು. ನಾನು ಹೋದಾಗಲೆಲ್ಲ ಬಿಲ್ಲೆಯವರಿಗೆ ಎಂದು ಹೇಳಿ ಒಂದು ಚೆಂದದ ಗುಂಡಿ ಕೊಟ್ಟು ಕಳಿಸುತ್ತಿದ್ದರು. ಇವರು ಅದನ್ನು ಅಂಗಿಗೆ ಹೊಲಿಸಿಕೊಂಡು ಮೆರೆದರು. ಹತ್ತು ಬಗೆಯ ಗುಂಡಿ ಇದ್ದ ಆ ಅಂಗಿಯನ್ನು ನೋಡಿ ನಾನು ಗೇಲಿ ಮಾಡಿದ್ದು ಅಷ್ಟಿಷ್ಟಲ್ಲ.

ಚಳಿಗಾಲ ಬಂತು. ಒಂದು ಭಾನುವಾರ ಮಧ್ಯಾಹ್ನ ಇವರು ಕಪಾಟು ಸರಿಮಾಡುತ್ತಿದ್ದರು. ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ. ಬಹಳ ಹೊತ್ತು ಸದ್ದೇ ಇಲ್ಲ. ಹೋಗಿ ನೋಡಿದರೆ ನೆಲದ ಮೇಲೆ ಕೂತಿದ್ದಾರೆ, ಮುಖದಲ್ಲಿ ರಕ್ತವಿಲ್ಲ. ನುಸಿಗುಳಿಗೆ ಹಾಕುವುದನ್ನು ಮರೆತ ಖಾನೆಯಲ್ಲಿ ಹುಳು ಬಿದ್ದಿತ್ತು. ಕೊಕ್ಕರೆ ಬಿಲ್ಲೆಯ ನೀಲಿ ಬಟ್ಟೆ ಹಿಂದಿನಿಂದ ಜರಡಿಯಾಗಿ ಕೈಗೆ ಬಂದಿತ್ತು. ಸತ್ತವನ ಹೊಲಿಗೆಯನ್ನು ಇವರು ಬಿಚ್ಚಲಿಲ್ಲ, ಹುಳು ಬಿಚ್ಚಿತು. ಬಿಲ್ಲೆಯ ಬೆನ್ನು ಕಾಣುತ್ತಿತ್ತು.

ನನಗೆ ತಲೆಬುಡ ತಿಳಿಯಲಿಲ್ಲ. ಅವರೇ ತೊದಲುತ್ತ ವಿವರಿಸಿದರು. ನದಿಯ ಕಾಳಗದ ತನಕ ಕೊಕ್ಕರೆ ಬಿಲ್ಲೆಯ ಬೆನ್ನಿಗೆ ಉದ್ದನೆಯ ಒಂದು ಪಟ್ಟಿ ಇರುತ್ತಿತ್ತು, ಟೋಪಿಯ ಸೀಳಿಗೆ ಸಿಕ್ಕಿಸಲು. ಅದಕ್ಕೆ ನಾಲಿಗೆ ಎನ್ನುತ್ತಾರೆ. ಪಡೆ ಅಳಿದ ಮರುವರ್ಷ ಹೊಸದಾಗಿ ಜನ ಸೇರಿಸಿ ಅದನ್ನು ಮತ್ತೆ ಕಟ್ಟಿದರು. ಅಷ್ಟರಲ್ಲಿ ಹಿತ್ತಾಳೆಗೆ ಬರ. ಹೊಸ ಬಿಲ್ಲೆಗಳಿಗೆ ನಾಲಿಗೆ ತೆಗೆದು ಎರಡು ಪುಟ್ಟ ಕೊಂಡಿ ಹಾಕಿದರು. ಅವರ ಅಂಗೈಯಲ್ಲಿದ್ದ ಬಿಲ್ಲೆಗೆ ಕೊಂಡಿಗಳಿದ್ದವು.

ಅಂದರೆ ಅವನು ನದಿಯಲ್ಲಿ ಸತ್ತಿರಲಿಲ್ಲ. ಮೊದಲು ನೆನಪಾದದ್ದು ಆ ಬೋರ್ಡು, ಆಮೇಲೆ ತೆರೆದ ಕಿಟಕಿ.

ಈಗಲೇ ಹೋಗಿ ಹೇಳೋಣ ಎಂದೆ. ಇವರು ಬೇಡವೆಂದರು. ಕೊಂಡಿ ಇದ್ದ ಮಾತ್ರಕ್ಕೆ ಇವತ್ತಿಗೂ ಬದುಕಿದ್ದಾನೆ ಅಂತ ಯಾರು ಹೇಳಿದರು, ಯುದ್ಧ ಇನ್ನೂ ಎರಡು ವರ್ಷ ನಡೆಯಿತಲ್ಲ, ಅದರಲ್ಲಿ ಸತ್ತಿರಬಹುದು, ಸುಮ್ಮನೆ ಆ ಹೆಂಗಸಿನ ನಿದ್ದೆ ಯಾಕೆ ಕೆಡಿಸುವುದು ಎಂದರು. ಮರುದಿನ ಅವರೇ ಹೇಳೋಣ ಎಂದರು, ನಾನು ಬೇಡವೆಂದೆ. ಹೀಗೆ ಹತ್ತು ದಿನ ಕಳೆದೆವು. ಹೆದರಿಕೆ ಅಂಟುರೋಗ ಎನ್ನುವುದು ಆಗ ಗೊತ್ತಾಯಿತು. ಅವನಿಗೆ ಈಗ ಅರವತ್ತು ಎಂದು ಲೆಕ್ಕ ಹಾಕಿದ ಮೇಲೆ ನಮ್ಮ ಬೀದಿಯಲ್ಲಿ ಅರವತ್ತರ ಗಂಡಸರೇ ತುಂಬಿಹೋದರು. ಬಸ್ ನಿಲ್ದಾಣದಲ್ಲಿ ನಿಂತವನು ಅವನಿರಬಹುದು, ಮೀಟರು ಓದಲು ಬಂದವನು ಅವನಿರಬಹುದು. ಗುಂಡಿ ಅಂಗಡಿಯ ಮುಂದೆ ಒಬ್ಬ ಮುದುಕ ಚಪ್ಪಲಿ ಸರಿಮಾಡಿಕೊಳ್ಳಲು ನಿಂತದ್ದಕ್ಕೆ ನಾನು ಅವನ ಹಿಂದೆ ಎರಡು ಬೀದಿ ನಡೆದೆ. ಪಾಪ, ಅವನು ಹೆದರಿ ಔಷಧಿ ಅಂಗಡಿಗೆ ನುಗ್ಗಿದ.

ಹನ್ನೊಂದನೆಯ ದಿನ, ಬುಧವಾರ, ಅಂಚೆಯಲ್ಲಿ ಒಂದು ಕಾಗದ ಬಂತು. ಮುದ್ರೆಯೇನೂ ಇರಲಿಲ್ಲ, ಆದರೂ ಇವರು ಅದನ್ನು ನನ್ನ ಕೈಗೇ ಕೊಟ್ಟರು. ಮುತ್ತಿನಂಥ ಅಕ್ಷರ. ಮಾನ್ಯರೇ, ನಿಮ್ಮ ಸಂಘದ ಪತ್ರಿಕೆಯಲ್ಲಿ ಕೊಕ್ಕರೆ ಬಿಲ್ಲೆಯ ಬಗ್ಗೆ ಓದಿದೆ. ಕಾಳಗದ ಸಮಯದಲ್ಲಿ ನಾನು ಜ್ವರದಿಂದ ಆಸ್ಪತ್ರೆಯಲ್ಲಿದ್ದವನು, ಗಡಿಬಿಡಿಯಲ್ಲಿ ನನ್ನನ್ನೂ ಕಾಣೆಯಾದವರ ಪಟ್ಟಿಗೆ ಸೇರಿಸಿದ್ದರು. ಆಮೇಲೆ ಹೊಸ ಬಿಲ್ಲೆ ಕೊಟ್ಟರು, ಸತ್ತ ಗೆಳೆಯನ ನೀಲಿ ಬಟ್ಟೆಯನ್ನು ಅದಕ್ಕೆ ನಾನೇ ಹೊಲಿದೆ. ನನ್ನದಾದರೆ ಬೆನ್ನಿಗೆ ಎರಡು ಕೊಂಡಿಗಳಿರಬೇಕು. ಗುಂಡಿ ಅಂಗಡಿ ನಡೆಸುವ ಆ ಹೆಂಗಸು ನನ್ನ ಹೆಂಡತಿ ಇರಬಹುದು. ಬಿಲ್ಲೆ ನೋಡಿ ಖಾತ್ರಿ ಮಾಡಿಕೊಳ್ಳಲು ಬರುವ ಭಾನುವಾರ ಹತ್ತು ಗಂಟೆಗೆ ತಮ್ಮ ಮನೆಗೆ ಬರುತ್ತೇನೆ.

ನಾನು ಕಾಗದ ಕೆಳಗಿಟ್ಟು, ಯಾವ ಪತ್ರಿಕೆ, ಏನು ಬರೆದಿದ್ದಿರಿ ಎಂದು ಕೇಳಿದೆ. ಸಂಘದವರು ಮೂರು ತಿಂಗಳಿಗೊಮ್ಮೆ ಒಂದು ಪತ್ರಿಕೆ ತರುತ್ತಾರೆ. ಹೊಸದಾಗಿ ಸಿಕ್ಕ ಬಿಲ್ಲೆಯ ಚೀಟಿಯನ್ನು ಇವರು ಪ್ರತಿ ಸಲ ಅದಕ್ಕೆ ಕಳಿಸುವುದು ವಾಡಿಕೆ. ಕಳಿಸಿದ್ದರು. ಬಿಲ್ಲೆ ಯಾರ ಕೈಯಿಂದ ಬಂತು ಎಂಬ ಸಾಲನ್ನೂ ಬಿಡದೆ: ಕೆಡವಿದ ವಸತಿಗೃಹದಲ್ಲಿ ಸಿಕ್ಕಿದ್ದು, ಇದೇ ಊರಿನಲ್ಲಿ ಗುಂಡಿ ಅಂಗಡಿ ನಡೆಸುವ ಸಿಪಾಯಿಯ ಹೆಂಡತಿ ಕೊಟ್ಟದ್ದು. ಆ ಪತ್ರಿಕೆ ನಿವೃತ್ತ ಸಿಪಾಯಿಗಳ ವಿಶ್ರಾಂತಿ ಮನೆಗಳಿಗೂ ಹೋಗುತ್ತದೆಂದು ಅವರಿಗೆ ಹೊಳೆದೇ ಇರಲಿಲ್ಲ. ಜನ್ಮದಲ್ಲಿ ಮೊದಲ ಸಲ ನಾನು ಅವರಿಗೆ ಬೈಯಲಿಲ್ಲ.

ಗುರುವಾರ ಇಬ್ಬರೂ ಅಂಗಡಿಗೆ ಹೋದೆವು. ಅಕ್ಕ ಯಾರಿಗೋ ಲೇಸು ಅಳೆಯುತ್ತಿದ್ದರು. ಗಿರಾಕಿ ಹೋದ ಮೇಲೆ ಇವರು ಎಲ್ಲವನ್ನೂ ಹೇಳಿದರು, ಕೊಂಡಿ, ಪತ್ರಿಕೆ, ಕಾಗದ, ಭಾನುವಾರ. ಒಂದನ್ನೂ ಮುಚ್ಚಿಡಲಿಲ್ಲ. ಅಕ್ಕ ಶಟರ್ ಅರ್ಧ ಎಳೆದು ಬಂದು ಕೌಂಟರಿನ ಕೆಳಗೆ, ರಟ್ಟಿನ ಪೆಟ್ಟಿಗೆಗಳ ನಡುವೆ, ಮಂಡಿ ತಬ್ಬಿಕೊಂಡು ಕೂತುಬಿಟ್ಟರು. ಐವತ್ತನಾಲ್ಕು ವರ್ಷದ ಹೆಂಗಸು. ನಾನೂ ಬಗ್ಗಿ ಪಕ್ಕದಲ್ಲಿ ಕೂತೆ. ಅವರ ಹಲ್ಲು ಕಟಕಟ ಎನ್ನುವುದು ಕೇಳುತ್ತಿತ್ತು.

ಇವತ್ತೇ ಊರು ಬಿಡುತ್ತೇನೆ ಎಂದರು. ಆದರೆ ಎಲ್ಲಿಗೆ? ಮೊದಲಿನ ಹಾಗೆ ಓಡಲು ಮಂಡಿಯಲ್ಲಿ ಕಸುವಿಲ್ಲ, ಹೊಸ ಊರಿನಲ್ಲಿ ಯಾರೂ ಗೊತ್ತಿಲ್ಲ. ಆಗ ಇವರು ಕೌಂಟರಿನ ಆಚೆಯಿಂದ, ಕಾಣದ ಹಾಗೆ ನಿಂತುಕೊಂಡೇ, ಭಾನುವಾರದವರೆಗೆ ತಡೆಯಿರಿ, ಅವನು ಇದು ತನ್ನದಲ್ಲ ಅಂತ ತಿರುಗಿ ಹೋಗುವ ಹಾಗೆ ನಾನು ಮಾಡುತ್ತೇನೆ ಎಂದರು. ಅಕ್ಕ ಒಪ್ಪಿ ಒಂದು ಷರತ್ತು ಹಾಕಿದರು.

"ಭಾನುವಾರ ನಾನು ನಿಮ್ಮ ಅಡಿಗೆಮನೆಯಲ್ಲಿರ್ತೀನಿ. ಅವನೇ ಹೌದೋ ಅಲ್ಲವೋ ನನ್ನ ಕಿವಿಗೇ ಗೊತ್ತಾಗಬೇಕು. ನಿಮ್ಮ ಚೀಟಿ ಬೇಡ."

ಆ ಮಾತು ಇವರಿಗೆ ಎಲ್ಲಿ ತಗಲಿತೆಂದು ನನಗೆ ಗೊತ್ತು.

ಶನಿವಾರ ಇವರು ಕೆಲಸಕ್ಕೆ ಹೋಗಲಿಲ್ಲ. ಕಿಟಕಿಯ ಬೆಳಕಿನಲ್ಲಿ ಕೂತು, ತಮ್ಮ ಕಪಾಟಿನಲ್ಲಿದ್ದ ಇನ್ನೊಂದು ಕೊಕ್ಕರೆ ಬಿಲ್ಲೆಯನ್ನು ತೆಗೆದರು. ನದಿಗೆ ಮುಂಚಿನದು, ನಾಲಿಗೆ ಇರುವುದು. ನೀಲಿ ಬಟ್ಟೆಯಲ್ಲಿ ಉಳಿದಿದ್ದ ಹಳೆಯ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದಾಗಿ ಕತ್ತರಿಸಿದರು. ಕೊಂಡಿಯ ಬಿಲ್ಲೆ ತೆಗೆದು ನಾಲಿಗೆಯ ಬಿಲ್ಲೆ ಇಟ್ಟು, ಅದೇ ಸೂಜಿ ತೂತುಗಳಲ್ಲಿ ಹಳೆಯ ದಾರ ಪೋಣಿಸಿ ಹೊಲಿದರು. ಹೀಗೆ ಒಂದರ ಬಟ್ಟೆಗೆ ಇನ್ನೊಂದನ್ನು ಕೂರಿಸುವವರನ್ನು ಸಂಗ್ರಹಕಾರರು ಕಳ್ಳರಿಗಿಂತ ಕಡೆ ಎಂದು ನೋಡುತ್ತಾರೆ. ಅಂಥವರು ನಮ್ಮ ಮನೆಗೆ ಬಂದರೆ ಇವರು ನೀರು ಬೇಕೇ ಎಂದು ಕೂಡ ಕೇಳುತ್ತಿರಲಿಲ್ಲ. ಆಮೇಲೆ ಒಂದು ಹೊಸ ಚೀಟಿ ಬರೆದರು. ಮೊದಲಿನಿಂದ ಕೊನೆಯವರೆಗೆ ಸುಳ್ಳು. ಬರೆಯುತ್ತ ಬರೆಯುತ್ತ ಅತ್ತರು. ನಾನು ನೋಡದವಳ ಹಾಗೆ ಹೋಗಿ ಅನ್ನಕ್ಕಿಟ್ಟೆ. ಕೊಂಡಿಯ ಬಿಲ್ಲೆಯನ್ನು ಬೇಳೆ ಡಬ್ಬಿಯ ತಳದಲ್ಲಿ ಹೂತಿಟ್ಟವಳು ನಾನೇ.

ಭಾನುವಾರ ಒಂಬತ್ತಕ್ಕೇ ಅಕ್ಕ ಹಿಂದಿನ ಬಾಗಿಲಿನಿಂದ ಬಂದರು. ಅಡಿಗೆಮನೆಯ ಬಾಗಿಲು ಮುಂದೆ ಮಾಡಿ, ಒಳಗೆ ಒಂದು ಸ್ಟೂಲ್ ಹಾಕಿ ಕೂರಿಸಿದೆ. ಒಲೆ ಹೊತ್ತಿಸಲಿಲ್ಲ, ಸದ್ದಾಗುವ ಪಾತ್ರೆಗಳನ್ನೆಲ್ಲ ನೆಲಕ್ಕಿಳಿಸಿದೆ. ಹತ್ತಕ್ಕೆ ಸರಿಯಾಗಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಇವರು ಎದ್ದು ಬಚ್ಚಲಿನ ಕಡೆ ಎರಡು ಹೆಜ್ಜೆ ಇಟ್ಟವರು ನಿಂತರು, ತಿರುಗಿ ಬಂದು ತಾವೇ ಬಾಗಿಲು ತೆಗೆದರು.

ನಾನು ರಾಕ್ಷಸನನ್ನು ಕಾಯುತ್ತಿದ್ದೆ. ಬಂದವನು ಸಣಕಲ ಮನುಷ್ಯ. ಒಗೆದು ಇಸ್ತ್ರಿ ಮಾಡಿದ ಹಳೆಯ ಅಂಗಿ, ಕೈಯಲ್ಲಿ ಹಣ್ಣಿನ ಪೊಟ್ಟಣ. ಚಪ್ಪಲಿಯನ್ನು ಜೋಡಿಸಿ ಬಿಟ್ಟು ಒಳಗೆ ಬಂದ. ನನಗೆ ಕೈ ಮುಗಿದು, ತೊಂದರೆ ಕೊಡುತ್ತಿದ್ದೇನೆ ತಾಯಿ ಎಂದ. ದನಿ ಎಷ್ಟು ಮೃದು ಎಂದರೆ ಕಿವಿಗೊಟ್ಟು ಕೇಳಬೇಕು. ಯುದ್ಧ ಮುಗಿಸಿ ಬಂದಾಗ ಮನೆಗೆ ಬೀಗ, ಹೆಂಡತಿಯ ತವರಿನಲ್ಲಿ ಯಾರೂ ಬಾಯಿ ಬಿಡಲಿಲ್ಲ, ನಾಲ್ಕು ವರ್ಷ ಹುಡುಕಿ ಸೋತು ಹಡಗಿನ ಕೆಲಸಕ್ಕೆ ಹೋದದ್ದು, ಈಗ ವಿಶ್ರಾಂತಿ ಮನೆಯಲ್ಲಿ ಒಂದು ಮಂಚ, ಇಷ್ಟನ್ನೂ ಹೇಳಿದ. ಮಧ್ಯೆ ಕೆಮ್ಮಿದ. ಕೊನೆಯ ಸಲ ಒಮ್ಮೆ ನೋಡಿ ಹೋಗುತ್ತೇನೆ, ಬೇರೆ ಏನೂ ಬೇಡ ಎಂದ.

ಇವರು ಬಿಲ್ಲೆಯನ್ನು ಅವನ ಮುಂದಿಟ್ಟರು. ಅವನು ಅದನ್ನು ನೋಡಿದ ತಕ್ಷಣ ಮುಖ ಅರಳಿತು. ನೀಲಿ ಬಟ್ಟೆಯನ್ನು ಸವರಿದ, ತನ್ನ ಗೆಳೆಯನದೇ ಎಂದುಕೊಂಡನೋ ಏನೋ. ಆಮೇಲೆ ಅದನ್ನು ಮಗುಚಿ ಹಾಕಿದ. ಹುಳು ತಿಂದ ಕಡೆ ನಾಲಿಗೆ ಕಂಡಿತು. ಬೆರಳಿನಿಂದ ಮುಟ್ಟಿ ನೋಡಿದ. ಮತ್ತೆ ಮುಟ್ಟಿದ.

"ಕೊಂಡಿ ಇಲ್ಲ," ಅಂದ.

"ಇಲ್ಲ," ಅಂದರು ಇವರು. ನದಿಗೆ ಮುಂಚಿನ ಬಿಲ್ಲೆಗೆ ಕೊಂಡಿ ಇರುವುದಿಲ್ಲ ಎಂದರು. ಇದು ಬೇರೊಬ್ಬ ಸಿಪಾಯಿಯದು, ಅಂಚೆಯಲ್ಲಿ ಬಂದದ್ದು, ಕಳಿಸಿದ ಹೆಂಗಸು ಇರುವುದು ಬೇರೆ ಊರಿನಲ್ಲಿ, ಪತ್ರಿಕೆಯಲ್ಲಿ ಇದೇ ಊರು ಎಂದು ಅಚ್ಚಾದದ್ದು ತಮ್ಮ ಬರವಣಿಗೆಯ ತಪ್ಪು ಎಂದು ಚೀಟಿ ತೋರಿಸಿದರು. ಹಲ್ಲಿಗೆ ಹೆದರುವ ನನ್ನ ಗಂಡ ಅವನ ಕಣ್ಣು ನೋಡಿಕೊಂಡೇ ಇಷ್ಟನ್ನೂ ಹೇಳಿದರು. ದನಿ ನಡುಗಲಿಲ್ಲ.

ಅವನು ಚೀಟಿಯನ್ನು ಎರಡು ಸಲ ಓದಿದ. ಕಣ್ಣಲ್ಲಿ ನೀರು ಬಂತು. ಮಡಚಿದ ಕರವಸ್ತ್ರ ತೆಗೆದು ಒರೆಸಿಕೊಂಡ. ಹಣ್ಣಿನ ಪೊಟ್ಟಣವನ್ನು ಮೇಜಿನ ಮೇಲೆ ಬಿಟ್ಟು, ಮತ್ತೆ ನನಗೆ ಕೈ ಮುಗಿದು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿಯತೊಡಗಿದ. ನಿಜ ಹೇಳಿಬಿಡುತ್ತೇನೆ. ಮೂವತ್ತು ವರ್ಷದಲ್ಲಿ ಮನುಷ್ಯ ಬದಲಾಗಿರಬಾರದೇ, ಸಾಯುವ ಕಾಲಕ್ಕೆ ಒಂದು ಸಲ ಮುಖ ನೋಡಿದರೆ ಏನಾಗುತ್ತದೆ ಎನಿಸಿತು. ಬಾಗಿಲಿಗೆ ಹೋಗಿ, ಸ್ವಲ್ಪ ನಿಲ್ಲಿ ಎಂದು ಕರೆಯಲು ಬಾಯಿ ತೆರೆದಿದ್ದೆ. ಇವರು ಹಿಂದಿನಿಂದ ಬಂದು ನನ್ನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದರು. ಮದುವೆಯಾದ ಮೇಲೆ ಅವರು ನನ್ನ ಮೇಲೆ ಬಲ ತೋರಿಸಿದ್ದು ಅದೊಂದೇ ಸಲ. ಕೆಳಗೆ ಗೇಟಿನ ಸದ್ದಾಗುವ ತನಕ ಬಿಡಲಿಲ್ಲ.

ಅಡಿಗೆಮನೆಗೆ ಹೋದೆವು. ಅಕ್ಕ ಸ್ಟೂಲಿನ ಮೇಲಿರಲಿಲ್ಲ. ಮೂಲೆಯಲ್ಲಿ ನಿಂತು, ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದಿದ್ದರು. ಕಾಲ ಬಳಿ ನೆಲ ಒದ್ದೆಯಾಗಿತ್ತು. ನಾನು ಒರೆಸುವ ಬಟ್ಟೆ ತಂದೆ.

"ಅವನೇ," ಎಂದರು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು, "ಕೈಯೆತ್ತೋ ಮುಂಚೆ ಹೀಗೇ ಮೆತ್ತಗೆ ಮಾತಾಡ್ತಿದ್ದ."

ನಾನು ನೆಲ ಒರೆಸುತ್ತಲೇ ಇದ್ದೆ. ತಲೆಯೆತ್ತಿ ನೋಡುವ ಮುಖ ನನಗಿರಲಿಲ್ಲ.

ಇವರು ಮುಂದಿನ ಪತ್ರಿಕೆಗೆ ತಿದ್ದುಪಡಿ ಬರೆದರು. ಕೊಕ್ಕರೆ ಬಿಲ್ಲೆಯ ಬಗ್ಗೆ ತಾವು ಬರೆದದ್ದು ತಪ್ಪು, ಕೊಟ್ಟವರು ಈ ಊರಿನವರಲ್ಲ, ಗಡಿಬಿಡಿಯಲ್ಲಿ ಎರಡು ಚೀಟಿ ಕಲಸಿಹೋದವು ಎಂದು. ಸಂಘದಲ್ಲಿ ಅದು ದೊಡ್ಡ ನಗೆಪಾಟಲಾಯಿತು. ಇಷ್ಟು ದೊಡ್ಡ ತಪ್ಪು ಮಾಡಿದವರ ಉಳಿದ ಚೀಟಿಗಳನ್ನು ಹೇಗೆ ನಂಬುವುದು ಎಂದು ಹಾರ ಹಾಕಿದವರೇ ಕೇಳಿದರು. ಇವರು ಸಭೆಗೆ ಹೋಗುವುದನ್ನು ಬಿಟ್ಟರು. ನನಗೆ ಅವರ ಮೇಲೆ ಅಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ. ಅಕ್ಕ ಬೋರ್ಡು ಇಳಿಸಿದರು, ಹೊಸ ಕಬ್ಬಿಣದ ಪಟ್ಟಿ ಮಾಡಿಸಿದರು. ಅವನು ಮತ್ತೆ ಬರಲಿಲ್ಲ. ಆದರೂ ಎರಡು ವರ್ಷ ನಾವು ಮೂವರೂ ಮೆಟ್ಟಿಲಿನ ಸದ್ದಿಗೆ ಕಿವಿಗೊಟ್ಟೇ ಬದುಕಿದೆವು.

ಹೋದ ತಿಂಗಳು ಪತ್ರಿಕೆಯ ಕೊನೆಯ ಪುಟದಲ್ಲಿ, ತೀರಿಕೊಂಡ ಹಳೆಯ ಸಿಪಾಯಿಗಳ ಪಟ್ಟಿಯಲ್ಲಿ, ಅವನ ಹೆಸರಿತ್ತು. ಕೊಕ್ಕರೆ ಪಡೆ, ವಿಶ್ರಾಂತಿ ಮನೆ, ಶ್ವಾಸಕೋಶದ ಕಾಯಿಲೆ. ಇವರು ಅಷ್ಟಕ್ಕೇ ನಂಬಲಿಲ್ಲ. ರೈಲು ಹತ್ತಿ, ಒಬ್ಬರೇ, ಆ ವಿಶ್ರಾಂತಿ ಮನೆಗೆ ಹೋದರು. ಮೇಲ್ವಿಚಾರಕನನ್ನು ಕಂಡರು, ಖಾಲಿ ಮಂಚ ನೋಡಿದರು, ಮಣ್ಣು ಮಾಡಿದ ಜಾಗದಲ್ಲಿ ನಿಂತು ಕಲ್ಲಿನ ಮೇಲಿನ ಹೆಸರನ್ನೂ ನಂಬರನ್ನೂ ಭೂತಗಾಜು ಹಿಡಿದು ಓದಿಕೊಂಡು ಬಂದರು. ಬಂದವರೇ ಸ್ನಾನವನ್ನೂ ಮಾಡದೆ ನನ್ನನ್ನು ಎಬ್ಬಿಸಿಕೊಂಡು ಗುಂಡಿ ಅಂಗಡಿಗೆ ಹೊರಟರು. ದಾರಿಯುದ್ದಕ್ಕೂ ಅವರ ಮುಖ ಬೆಳಗುತ್ತಿತ್ತು. ಅಂಗಡಿಯಲ್ಲಿ ಪತ್ರಿಕೆ ಬಿಡಿಸಿ ತೋರಿಸಿದರು, ಮೇಲ್ವಿಚಾರಕ ಕೊಟ್ಟ ಕಾಗದ ತೋರಿಸಿದರು, ಕಲ್ಲಿನ ಮೇಲಿದ್ದದ್ದನ್ನು ಅಕ್ಷರ ಅಕ್ಷರ ಹೇಳಿದರು.

ಅಕ್ಕ ಎಲ್ಲವನ್ನೂ ಕೇಳಿದರು. ಕಾಗದಗಳನ್ನು ನೀಟಾಗಿ ಮಡಚಿ ಇವರ ಕೈಗೇ ವಾಪಸ್ ಕೊಟ್ಟರು. ಅವರ ಮುಖದಲ್ಲಿ ಕೋಪವೇನೂ ಇರಲಿಲ್ಲ.

"ಒಂದ್ಸಲ ನಿಮ್ಮ ಮಾತು ನಂಬಿ ಮಲಗಿದ್ದೆ, ಬಿಲ್ಲೆಯವರೇ. ಇನ್ನೊಂದ್ಸಲ ಆ ಧೈರ್ಯ ನನಗಿಲ್ಲ."

ಅಷ್ಟರಲ್ಲಿ ಯಾರೋ ಒಂದು ಗಜ ಎಲಾಸ್ಟಿಕ್ ಕೇಳಿಕೊಂಡು ಬಂದರು. ಅಕ್ಕ ಮೊದಲು ಬಂದವರ ಮುಖ ನೋಡಿ, ಹಿಂದೆ ಬೀದಿಯಲ್ಲಿ ಯಾರಿದ್ದಾರೆಂದು ಇಣುಕಿ, ಆಮೇಲೆ ಅಳತೆಗೋಲು ಕೈಗೆತ್ತಿಕೊಂಡರು.